ಊರು ಹಿಡಿದ ಮರುದಿನ: ನಗರ ಯುದ್ಧದ ಕಷ್ಟಗಳು

(ಜಳಕೋಟದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಗಡಿಭಾಗದ ದತ್ತಿ ಉಪನ್ಯಾಸಗಳಲ್ಲಿ ಹೆಚ್ಚಾಗಿ ಶರಣ ಸಾಹಿತ್ಯದ ಮಾತು ಬರುತ್ತದೆ, ಇಲ್ಲವೆ ಕನ್ನಡ ಶಾಲೆಗಳ ಮಾತು ಬರುತ್ತದೆ. ಈ ಸಲ ನಗರಗಳೊಳಗೆ ನಡೆಯುವ ಆಧುನಿಕ ಯುದ್ಧದ ಬಗ್ಗೆ ಮಾತಾಡಬೇಕೆಂದು ಸಂಚಾಲಕರು ಕೇಳಿದರು. ಗಾಜಾ, ಮರಿಯುಪೋಲ್, ಮೊಸೂಲ್ ಎಂಬ ಹೆಸರುಗಳನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ದಿನಾ ಕೇಳುತ್ತಾರೆ. ಆದರೂ ಜಳಕೋಟಕ್ಕೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ, ಈ ಊರಿನ ಮೂಲಕವೇ, 1948ರಲ್ಲಿ ಒಂದು ಯುದ್ಧ ಹಾದುಹೋಯಿತು. ಊರೊಳಗಿನ ಯುದ್ಧದಲ್ಲಿ ಯಾವುದು ಸುಲಭ, ಯಾವುದು ಕಷ್ಟ, ಯಾವುದನ್ನು ಸೇನೆಗಳು ಇವತ್ತಿಗೂ ಸರಿಯಾಗಿ ಕಲಿತಿಲ್ಲ ಎಂಬುದನ್ನು ತೋರಿಸಲು ಆ ಯುದ್ಧದ ಐದು ದಿನಗಳು ಸಾಕು.

ಉದಗೀರದ ಕಡೆಗೂ ಒಂದು ಜಳಕೋಟ ಇದೆ, ಅದು ಲಾತೂರ ಜಿಲ್ಲೆಯ ತಾಲೂಕು ಕೇಂದ್ರ. ನಾನು ಹೇಳುತ್ತಿರುವುದು ನಳದುರ್ಗದ ಮಗ್ಗುಲಿನ ಈ ಜಳಕೋಟದ ಕತೆ.

1. ರಸ್ತೆ, ಹೊಳೆ, ಸೇತುವೆ

1948ರ ಸೆಪ್ಟೆಂಬರ್ 13, ಸೋಮವಾರ. ಹೈದರಾಬಾದಿನ ನಿಜಾಮರ ರಾಜ್ಯವನ್ನು ಭಾರತದ ಒಕ್ಕೂಟಕ್ಕೆ ಸೇರಿಸುವ ಕಾರ್ಯಾಚರಣೆ ಅಂದು ನಸುಕಿನಲ್ಲಿ ಶುರುವಾಯಿತು. ಸರಕಾರ ಅದನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆಯಿತು, ಸೇನೆಯ ಕಾಗದಪತ್ರಗಳಲ್ಲಿ ಅದರ ಹೆಸರು ಆಪರೇಷನ್ ಪೋಲೋ. ಮುಖ್ಯ ದಾಳಿ ಸೊಲ್ಲಾಪುರದ ಕಡೆಯಿಂದ, ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದಲ್ಲಿ ಬಂತು. ದಾರಿಯಲ್ಲಿ ಮೊದಲ ಅಡ್ಡಿ ನಳದುರ್ಗ. ಅಲ್ಲಿ 1ನೇ ಹೈದರಾಬಾದ್ ಇನ್ಫೆಂಟ್ರಿ ಕಾವಲಿತ್ತು.

ನಳದುರ್ಗದ ಕೋಟೆ ನಿಮಗೆಲ್ಲ ಗೊತ್ತು. ಬೋರಿ ಹೊಳೆಯನ್ನೇ ಕೋಟೆಯೊಳಗೆ ತಂದು, ಅಡ್ಡಗಟ್ಟೆ ಕಟ್ಟಿ, ಅದರ ಹೊಟ್ಟೆಯಲ್ಲಿ ಪಾನಿ ಮಹಲು ಮಾಡಿಸಿದವನು ಎರಡನೆಯ ಇಬ್ರಾಹಿಂ ಆದಿಲ್‌ಶಾಹ. ಆ ಕಾಲದ ಯುದ್ಧಕ್ಕೆ ಕೋಟೆಯೇ ಕೀಲಿಕೈಯಾಗಿತ್ತು. 1948ರಲ್ಲಿ ಕೀಲಿಕೈ ಬದಲಾಗಿತ್ತು. ಭಾರತದ 7ನೇ ಬ್ರಿಗೇಡ್ ಕಣ್ಣಿಟ್ಟಿದ್ದು ಬೋರಿ ನದಿಯ ಸೇತುವೆಯ ಮೇಲೆ. ಭಾದ್ರಪದದ ದಿನಗಳು, ಹೊಳೆಗಳು ತುಂಬಿದ್ದವು. ಅದೇ ದಿನ ತುಳಜಾಪುರ ಹಿಡಿದು ಲೋಹಾರಾದ ಕಡೆ ಹೊರಟ ಇನ್ನೊಂದು ತುಕಡಿ ಹೊಳೆ ಬಂದದ್ದರಿಂದ ಮುಂದೆ ಹೋಗಲಾರದೆ ನಿಂತಿತು. ನಳದುರ್ಗದಲ್ಲಿ ಮಾತ್ರ ಸೇತುವೆ ಮುರಿಯುವ ಮೊದಲೇ ಕೈಗೆ ಸಿಕ್ಕಿತು. ಅದನ್ನು ಉಡಾಯಿಸುವ ಕೆಲಸ ವಹಿಸಿಕೊಂಡಿದ್ದ ಒಬ್ಬ ಬ್ರಿಟಿಷ್ ಬಾಡಿಗೆ ಸೈನಿಕ ಅಂದೇ ಸೆರೆ ಸಿಕ್ಕ.

ಆ ಸೇತುವೆ ಉಳಿದದ್ದರಿಂದಲೇ ಬೆಳಿಗ್ಗೆ 9 ಗಂಟೆಗೆ 1ನೇ ಆರ್ಮರ್ಡ್ ಬ್ರಿಗೇಡಿನ ಟ್ಯಾಂಕುಗಳು ಜಳಕೋಟಕ್ಕೆ ಬಂದವು. ಅವು ಮಾಡಿಕೊಟ್ಟ ದಾರಿಯಲ್ಲಿ ಲೆಫ್ಟಿನೆಂಟ್ ಕರ್ನಲ್ ರಾಮ್ ಸಿಂಗ್ ಅವರ ಕೈಕೆಳಗಿನ 9 ಡೋಗ್ರಾ ತಂಡ ಮೋಟಾರು ಗಾಡಿಗಳಲ್ಲಿ ಮುಂದೆ ಸಾಗಿ, ಮಧ್ಯಾಹ್ನ 3.15ರ ಹೊತ್ತಿಗೆ ಗಡಿಯಿಂದ 61 ಕಿಲೋಮೀಟರ್ ಒಳಗಿನ ಉಮರ್ಗಾ ಮುಟ್ಟಿತು. ಅಲ್ಲಿ ನಿಜಾಮರ ಪರ ಕಾದಾಡುತ್ತಿದ್ದ ರಜಾಕಾರ ಪಡೆಯವರ ಪ್ರತಿರೋಧ ಬಹಳ ಹೊತ್ತು ನಿಲ್ಲಲಿಲ್ಲ. ಮರುದಿನ ಈಗಿನ ಬಸವಕಲ್ಯಾಣ ತಾಲೂಕಿನ ರಾಜೇಶ್ವರದ ಕಡೆ ಹೊರಟಾಗ, ದಾರಿಯಲ್ಲಿ ಹೊಂಚು ಹಾಕಿದ್ದ ಠಾಣೆಗಳು ವಿಮಾನದಿಂದ ಕಂಡವು. ಟೆಂಪೆಸ್ಟ್ ವಿಮಾನಗಳು ಮೊದಲು ಅವುಗಳ ಮೇಲೆ ದಾಳಿ ಮಾಡಿದವು, ಆಮೇಲೆ ತುಕಡಿ ರಾಜೇಶ್ವರ ಸೇರಿತು. 16ರಂದು ಜಹೀರಾಬಾದ್ ದಾರಿಯಲ್ಲಿ ಹುಗಿದಿಟ್ಟ ಮೈನುಗಳನ್ನು ತೆಗೆಯಬೇಕಾಯಿತು. ಬೀದರ ರಸ್ತೆ ಕೂಡುವಲ್ಲಿ ಗುಂಡಿನ ಮಳೆ ಬಂದಾಗ ಅದನ್ನು ಎದುರಿಸಲು ಸ್ವಲ್ಪ ಜನರನ್ನು ಬಿಟ್ಟು, ಉಳಿದವರು ನಿಲ್ಲದೆ ಮುಂದೆ ಹೋದರು. 17ರ ಸಂಜೆ ನಿಜಾಮರು ಕದನ ನಿಲ್ಲಿಸುವುದಾಗಿ ಸಾರಿದರು. 18ರಂದು ಹೈದರಾಬಾದ್ ಸೇನೆಯ ಮುಖ್ಯಸ್ಥ ಮೇಜರ್ ಜನರಲ್ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದರು.

ಲಕ್ಷಾಂತರ ಜನ ಇದ್ದ ಹೈದರಾಬಾದ್ ನಗರದ ಬೀದಿಗಳಲ್ಲಿ ಕಾಳಗ ನಡೆಯಲೇ ಇಲ್ಲ. ಇದು ನಗರ ಯುದ್ಧದ ಮೊದಲ ಪಾಠ. ಊರಿನ ಹಣೆಬರಹ ಬಹಳ ಸಲ ಊರ ಹೊರಗೇ, ಸೇತುವೆಯ ಹತ್ತಿರ, ತೀರ್ಮಾನವಾಗುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಇದರ ಉಲ್ಟಾ ನಡೆಯಿತು. ರಷ್ಯಾದ ತುಕಡಿಗಳು ರಾಜಧಾನಿ ಕೀವ್ ಹತ್ತಿರ ಬಂದಾಗ ಉಕ್ರೇನಿನವರು ಇರ್ಪಿನ್ ನದಿಯ ಸೇತುವೆಗಳನ್ನು ತಾವೇ ಮುರಿದು, ಅಣೆಕಟ್ಟೆಯ ನೀರು ಬಿಟ್ಟು ಹೊಲಗಳನ್ನು ಕೆರೆ ಮಾಡಿದರು. ಶತ್ರುವಿಗೆ ನಗರದೊಳಗೆ ಕಾಲಿಡಲಾಗಲಿಲ್ಲ. ಬೋರಿಯ ಸೇತುವೆ ಉಳಿಯಿತು, ರಾಜ್ಯ ಬಿತ್ತು. ಇರ್ಪಿನ್ ಸೇತುವೆ ಬಿತ್ತು, ನಗರ ಉಳಿಯಿತು.

ಊರುಗಳಲ್ಲಿ ಸಿಕ್ಕಿಬೀಳದೆ ಅವನ್ನು ಬಳಸಿ ಹೋಗುವುದು ನಮ್ಮ ಸೇನೆಯ ದೊಡ್ಡ ಗೆಲುವುಗಳ ಗುಟ್ಟೂ ಹೌದು. 1971ರಲ್ಲಿ ಪೂರ್ವ ಪಾಕಿಸ್ತಾನದ ಸೇನೆ ಗಡಿಯ ಪಟ್ಟಣಗಳನ್ನೆಲ್ಲ ಕೋಟೆ ಮಾಡಿಕೊಂಡು ಕೂತಿತ್ತು. ನಮ್ಮವರು ಅವನ್ನು ಬದಿಗಿಟ್ಟು, ಹೆಲಿಕಾಪ್ಟರುಗಳಲ್ಲಿ ಮೇಘನಾ ನದಿ ದಾಟಿ, ಟಂಗೈಲಿನಲ್ಲಿ ಪ್ಯಾರಾಚೂಟಿನಿಂದ ಇಳಿದು ಢಾಕಾ ಬಾಗಿಲಿಗೆ ಹೋದರು. ಡಿಸೆಂಬರ್ 16ರಂದು ಆ ನಗರವೂ ಬೀದಿ ಕಾಳಗವಿಲ್ಲದೆ ಕೈಸೇರಿತು.

2. ಗೋಡೆಗಳ ನಡುವೆ

ಬಳಸಿ ಹೋಗಲು ದಾರಿಯಿಲ್ಲದಾಗ, ಒಳಗಿನವರು ಶರಣಾಗದಿದ್ದಾಗ, ಏನಾಗುತ್ತದೆ?

ನಮ್ಮ ಎರೆಭೂಮಿಯಲ್ಲಿ ನಿಂತರೆ ಎರಡು ಹರದಾರಿ ದೂರದ ಎತ್ತಿನ ಗಾಡಿ ಕಾಣುತ್ತದೆ. ಬಯಲಿನಲ್ಲಿ ದೊಡ್ಡ ಸೇನೆಗೆ ಇದೇ ಅನುಕೂಲ. ದೂರದಿಂದ ನೋಡಬಹುದು, ದೂರದಿಂದ ಹೊಡೆಯಬಹುದು. ಊರೊಳಗೆ ಬಂದ ಕೂಡಲೇ ಆ ದೂರ ಕಳೆದುಹೋಗುತ್ತದೆ. ಗಲ್ಲಿಯ ತಿರುವಿನಾಚೆ ಯಾರಿದ್ದಾರೋ ಗೊತ್ತಾಗದು. ಗೋಡೆಗಳ ನಡುವೆ ವೈರ್‌ಲೆಸ್ ಕೇಳಿಸದು. ನೆಲಮಾಳಿಗೆಯಲ್ಲಿ ಜಿಪಿಎಸ್ ಸಿಗದು. ಬಯಲಿನಲ್ಲಿ ಶತ್ರು ಎದುರಿಗಿರುತ್ತಾನೆ, ಪಟ್ಟಣದಲ್ಲಿ ಮಾಳಿಗೆಯ ಮೇಲೂ ಇರಬಹುದು, ಕಾಲ ಕೆಳಗಿನ ಸುರಂಗದಲ್ಲೂ ಇರಬಹುದು. ಐದು ಅಂತಸ್ತಿನ ಒಂದು ಕಟ್ಟಡವೆಂದರೆ ಒಂದರ ಮೇಲೊಂದು ಐದು ರಣರಂಗಗಳು.

ಟ್ಯಾಂಕಿನ ಕಷ್ಟವನ್ನೇ ನೋಡಿ. 1994ರ ಡಿಸೆಂಬರ್ 31ರಂದು ರಷ್ಯಾದ 131ನೇ ಬ್ರಿಗೇಡ್ ಚೆಚನ್ಯಾದ ಗ್ರೋಜ್ನಿ ನಗರದ ರೈಲು ನಿಲ್ದಾಣದವರೆಗೆ ಸುಲಭವಾಗಿ ಹೋಯಿತು. ಅಲ್ಲಿ ಸುತ್ತುವರಿದ ಚೆಚನ್ ಹೋರಾಟಗಾರರು ಮೊದಲ ಮತ್ತು ಕೊನೆಯ ಗಾಡಿಗಳನ್ನು ಹೊಡೆದರು. ನಡುವಿನವು ಮುಂದೆ ಹೋಗಲಾರದೆ, ಹಿಂದೆ ಸರಿಯಲಾರದೆ ಬೀದಿಯಲ್ಲಿ ಸಿಕ್ಕಿಕೊಂಡವು. ಟ್ಯಾಂಕಿನ ತೋಪು ಇಂತಿಷ್ಟೇ ಮೇಲೇಳುತ್ತದೆ, ಇಂತಿಷ್ಟೇ ಕೆಳಗಿಳಿಯುತ್ತದೆ. ಮೇಲಂತಸ್ತಿನ ಕಿಟಕಿಯೂ ನೆಲಮಾಳಿಗೆಯ ಬೆಳಕಿಂಡಿಯೂ ಅದರ ಗುರಿಯ ಹೊರಗೇ ಉಳಿದವು. ಆ ಬ್ರಿಗೇಡ್ ಹೊಸ ವರ್ಷದ ಮೊದಲ ದಿನಗಳಲ್ಲೇ ನುಚ್ಚುನೂರಾಯಿತು. ಉಮರ್ಗಾ ರಸ್ತೆಯಲ್ಲಿ ಗೆಲುವು ತಂದ ವೇಗವೇ ಗ್ರೋಜ್ನಿಯಲ್ಲಿ ಕೊರಳಿಗೆ ಉರುಳಾಯಿತು. ಎದುರಿನವರಿಗೆ ಕಾದಾಡುವ ಮನಸ್ಸು ಇತ್ತೋ ಇಲ್ಲವೋ ಎಂಬುದೇ ಇವೆರಡರ ನಡುವಿನ ವ್ಯತ್ಯಾಸ.

ನಮ್ಮ ಸೇನೆಯೂ ಈ ಪಾಠಕ್ಕೆ ಬೆಲೆ ತೆತ್ತಿದೆ. 1987ರ ಅಕ್ಟೋಬರಿನಲ್ಲಿ ಶ್ರೀಲಂಕಾದ ಜಾಫ್ನಾ ಪಟ್ಟಣ ಹಿಡಿಯಲು ಆಪರೇಷನ್ ಪವನ್ ಶುರುವಾಯಿತು. ಎಲ್‌ಟಿಟಿಇ ಎಂಬ ತಮಿಳು ಹೋರಾಟಗಾರರ ಸಂಘಟನೆಯ ನಾಯಕರನ್ನು ಹಿಡಿಯಲೆಂದು ರಾತ್ರಿ ಹೊತ್ತು ಹೆಲಿಕಾಪ್ಟರುಗಳಲ್ಲಿ ವಿಶ್ವವಿದ್ಯಾಲಯದ ಮೈದಾನಕ್ಕೆ ಸೈನಿಕರನ್ನು ಇಳಿಸಿದರು. ಎದುರಾಳಿಗಳಿಗೆ ಸುದ್ದಿ ಮೊದಲೇ ತಿಳಿದಿತ್ತು. ಹೆಲಿಕಾಪ್ಟರುಗಳಿಗೆ ಗುಂಡು ತಗಲಿ ಎರಡನೆಯ ಕಂತು ಬರಲಾಗಲಿಲ್ಲ. ಇಳಿದಿದ್ದ 13 ಸಿಖ್ ಲೈಟ್ ಇನ್ಫೆಂಟ್ರಿಯ 30 ಜನರಲ್ಲಿ 29 ಜನ ಅಲ್ಲೇ ಸತ್ತರು, ಒಬ್ಬರು ಸೆರೆಯಾದರು. ಪಟ್ಟಣ ಕೈಸೇರಲು ಎರಡು ವಾರಗಳೇ ಬೇಕಾದವು.

ಕನ್ನಡ ನಾಡಿಗೆ ಬೀದಿ ಕಾಳಗ ಹೊಸದಲ್ಲ. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರಿನ ಪೇಟೆಗೆ ನುಗ್ಗಿತು. ಸುತ್ತ ಕಂದಕ, ಮುಳ್ಳುಬೇಲಿ, ಒಳಗೆ ಇಕ್ಕಟ್ಟಿನ ಬೀದಿಗಳು. ಬಾಗಿಲ ಬಳಿಯೇ ಕರ್ನಲ್ ಮೂರ್‌ಹೌಸ್ ಸತ್ತ. ಪೇಟೆಯನ್ನು ಮರಳಿ ಪಡೆಯಲು ಟಿಪ್ಪು ಕಳಿಸಿದ ಪಡೆ ಅಂದೇ ಬೀದಿ ಬೀದಿಯಲ್ಲಿ ಕಾದಿ ಹಿಂದಿರುಗಿತು. ಅಲ್ಲಿಂದ ಕೂಗಳತೆಯ ಕೋಟೆಯನ್ನು ಹಿಡಿಯಲು ಮಾರ್ಚ್ 21ರವರೆಗೆ ಕಾಯಬೇಕಾಯಿತು.

ಇನ್ನೊಂದು ಸಂಗತಿ ಮನೆಯೊಂದನ್ನು ಶೋಧಿಸುವ ಕೆಲಸ. ಒಂದು ಕೋಣೆಗೆ ಮೂರು-ನಾಲ್ಕು ಜನ ಬೇಕು. ಶೋಧಿಸಿದ ಮನೆಯಲ್ಲಿ ಕಾವಲು ಬಿಡದಿದ್ದರೆ ಎದುರಾಳಿ ಹಿತ್ತಲಿನಿಂದ ಮತ್ತೆ ಒಳಗೆ ಬರುತ್ತಾನೆ. ಹೀಗೆ ಕಾವಲು ಬಿಡುತ್ತಾ ಹೋದರೆ, ಜರಡಿಯಲ್ಲಿ ನೀರು ಹೊತ್ತ ಹಾಗೆ, ಊರ ನಡುವೆ ತಲುಪುವ ಹೊತ್ತಿಗೆ ಕೈಯಲ್ಲಿ ಜನವೇ ಇರುವುದಿಲ್ಲ. ಇರಾಕಿನ ಮೊಸೂಲ್ ನಗರದಲ್ಲಿ ಕೆಲವೇ ಸಾವಿರ ಐಸಿಸ್ ಹೋರಾಟಗಾರರನ್ನು ಹೊರಗಟ್ಟಲು ಲಕ್ಷದ ಹತ್ತಿರ ಸೈನ್ಯ 2016ರ ಅಕ್ಟೋಬರಿನಿಂದ 2017ರ ಜುಲೈವರೆಗೆ, ಒಂಬತ್ತು ತಿಂಗಳು ಕಾದಬೇಕಾಯಿತು. ಅಂಗಡಿಯಲ್ಲಿ ಸಿಗುವ ಸಣ್ಣ ಡ್ರೋನುಗಳಿಗೆ ಗ್ರೆನೇಡ್ ಕಟ್ಟಿ ಸೈನಿಕರ ತಲೆಯ ಮೇಲೆ ಬೀಳಿಸುವುದು ದೊಡ್ಡ ಪ್ರಮಾಣದಲ್ಲಿ ಕಂಡದ್ದು ಅಲ್ಲೇ. ಮಾಳಿಗೆ ಹಿಡಿದವನೇ ಬೀದಿಯ ಒಡೆಯ ಎಂಬ ಹಳೆಯ ಲೆಕ್ಕ ಡ್ರೋನು ಬಂದ ಮೇಲೆ ಹಾಗೇ ಉಳಿದಿಲ್ಲ.

ಒಂದೇ ಒಂದು ಕಟ್ಟಡ ಕೂಡ ಇಡೀ ದೇಶವನ್ನು ತಡೆದು ನಿಲ್ಲಿಸಬಹುದು. 2008ರ ನವೆಂಬರ್ 26ರಂದು ಮುಂಬೈಗೆ ಬಂದವರು ಹತ್ತು ಜನ. ಅವರಲ್ಲಿ ತಾಜ್ ಹೋಟೆಲಿಗೆ ಹೊಕ್ಕವರನ್ನು ಅದರ ಕೋಣೆ, ಮೆಟ್ಟಿಲು, ಓಣಿಗಳಲ್ಲಿ ಹುಡುಕಿ ಮುಗಿಸಲು 29ರ ಬೆಳಗಿನವರೆಗೆ ಹಿಡಿಯಿತು. ಎನ್‌ಎಸ್‌ಜಿ ಕಮಾಂಡೊಗಳು ಹರಿಯಾಣದ ಮಾನೇಸರದಿಂದ ಬರಬೇಕಿತ್ತು. ಒಳಗೆ ಅತಿಥಿಗಳು ಯಾವ ಕೋಣೆಯಲ್ಲಿ ಅಡಗಿದ್ದಾರೆಂದು ತಿಳಿಯದೆ ಬಾಂಬು ಎಸೆಯುವಂತಿರಲಿಲ್ಲ. ಹೊರಗಿನ ದೃಶ್ಯಗಳನ್ನು ಟಿವಿ ವಾಹಿನಿಗಳು ನೇರ ಪ್ರಸಾರ ಮಾಡುತ್ತಿದ್ದವು, ಅದನ್ನು ನೋಡಿದ ಪಾಕಿಸ್ತಾನದ ಸೂತ್ರಧಾರರು ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಸತ್ತದ್ದು ಆ ಹೋಟೆಲಿನೊಳಗೆ. ಯಲಹಂಕದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಆಮೇಲೆ ಎನ್‌ಎಸ್‌ಜಿ ನೆಲೆಗಳನ್ನು ಮುಂಬೈ, ಹೈದರಾಬಾದ್, ಚೆನ್ನೈ, ಕೋಲ್ಕತಾಗಳಿಗೂ ವಿಸ್ತರಿಸಿದರು.

3. ಬಿದ್ದ ಗೋಡೆಯೂ ಗೋಡೆಯೇ

ಇಷ್ಟು ಕಷ್ಟ ಯಾಕೆ, ದೂರದಿಂದ ತೋಪು ಹಾರಿಸಿ ಊರನ್ನೇ ಕೆಡವಿಬಿಟ್ಟರಾಗದೆ? ಹಾಗೆ ಯೋಚಿಸಿದ ಸೇನಾಪತಿಗಳು ಬಹಳ ಜನ. 1942ರ ಆಗಸ್ಟಿನಲ್ಲಿ ಜರ್ಮನರು ಸ್ಟಾಲಿನ್‌ಗ್ರಾಡ್ ಮೇಲೆ ಬಾಂಬಿನ ಮಳೆ ಸುರಿದರು. ಆದರೆ ಬಿದ್ದ ಕಟ್ಟಡ ನಿಂತ ಕಟ್ಟಡಕ್ಕಿಂತ ಒಳ್ಳೆಯ ಅಡಗುತಾಣವಾಯಿತು. ಬೀದಿಗಳು ಮುಚ್ಚಿಹೋಗಿ ಅವರ ಟ್ಯಾಂಕುಗಳಿಗೇ ದಾರಿ ಇಲ್ಲವಾಯಿತು. ಮುಂದಿನ ಫೆಬ್ರವರಿಯಲ್ಲಿ ಶರಣಾದವರು ಜರ್ಮನರೇ.

ಕಟ್ಟಡ ಕಲ್ಲುಮಣ್ಣಿನ ರಾಶಿಯಾಗುವುದು ಅಂದರೆ ಏನು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಕಡೆ ಭೂಮಿ ನಡುಗಿತು. ಬಿಸಿಲಿಗೂ ಕಳ್ಳಕಾಕರಿಗೂ ಅಂಜಿ ಕಟ್ಟಿದ ದಪ್ಪ ಕಲ್ಲುಗೋಡೆಗಳು, ಮೇಲಿನ ಮಣ್ಣಿನ ಮಾಳಿಗೆಯ ಭಾರ, ಎಲ್ಲ ಮಲಗಿದ್ದವರ ಮೇಲೆ ಬಿತ್ತು. ಸುಮಾರು ಹತ್ತು ಸಾವಿರ ಜನ ಸತ್ತರು, ಐವತ್ತೆರಡು ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಬೇಕಾಯಿತು. ಅಗೆದು ತೆಗೆಯಲು ಸೇನೆ ಬಂತು, ದೇಶದ ಎಲ್ಲ ಕಡೆಯಿಂದ ನೆರವು ಬಂತು. ಯುದ್ಧದಲ್ಲಿ ಹಾಗೆ ಬಿದ್ದ ಮನೆಯ ಕೆಳಗಿರುವವರನ್ನು ತೆಗೆಯಲು ಯಾರೂ ಬರಲಾರರು. ಗುಂಡು ನಿಂತಿರುವುದಿಲ್ಲ, ಸಿಡಿಯದ ಬಾಂಬುಗಳು ಮಣ್ಣಿನಲ್ಲೇ ಇರುತ್ತವೆ. ಕಿಲ್ಲಾರಿಯಲ್ಲಿ ಸೈನಿಕರು ಅಗೆದರು, ಮೊಸೂಲಿನ ಹಳೇ ಪಟ್ಟಣದಲ್ಲಿ ಎಷ್ಟೋ ಹೆಣಗಳನ್ನು ತಿಂಗಳುಗಳ ಮೇಲೆ ತೆಗೆದರು. ಆ ಯುದ್ಧದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ನಾಗರಿಕರು ಸತ್ತರೆಂದು ಅಸೋಸಿಯೇಟೆಡ್ ಪ್ರೆಸ್ ಲೆಕ್ಕ ಹಾಕಿತು.

ಪಟ್ಟಣವೆಂದರೆ ಬರೀ ಗೋಡೆಯಲ್ಲ, ಗೋಡೆಗಳ ನಡುವೆ ಹರಿಯುವ ನೀರು, ವಿದ್ಯುತ್ತು, ಔಷಧ ಕೂಡ. ನೀರೆತ್ತುವ ಪಂಪಿಗೆ ಕರೆಂಟು ಬೇಕು, ಆಸ್ಪತ್ರೆಗೆ ಎರಡೂ ಬೇಕು. ಒಂದು ತಂತಿ ಕಡಿದರೆ ಹತ್ತು ವ್ಯವಸ್ಥೆಗಳು ನಿಲ್ಲುತ್ತವೆ. 2022ರಲ್ಲಿ ಮರಿಯುಪೋಲ್ ಸುತ್ತುವರಿದಾಗ ಜನ ಹಿಮ ಕರಗಿಸಿ ಕುಡಿದರು. ಹಳ್ಳಿಯವನಿಗೆ ಹೊಲ, ಬಾವಿ, ಸಂಬಂಧಿಕರ ಊರು ಎಂಬ ಆಸರೆ ಉಂಟು. ನಗರದವನಿಗೆ ನಲ್ಲಿ ನಿಂತರೆ ಎಲ್ಲವೂ ನಿಂತ ಹಾಗೆಯೇ.

4. ಮರುದಿನ

ಇಲ್ಲಿಯವರೆಗೆ ಹೇಳಿದ್ದನ್ನು ಸೇನಾ ಕಾಲೇಜುಗಳಲ್ಲಿ ಕಲಿಸುತ್ತಾರೆ. ಸೇತುವೆ, ಗೋಡೆ, ಸುರಂಗ, ಡ್ರೋನು, ಎಲ್ಲಕ್ಕೂ ಪುಸ್ತಕಗಳಿವೆ, ತರಬೇತಿಯ ಅಣಕು ಪಟ್ಟಣಗಳಿವೆ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಆಮೇಲಿನ ಸಂಗತಿ. ಅದಕ್ಕೆ ಮತ್ತೆ ನಮ್ಮ ರಸ್ತೆಗೇ ಬರಬೇಕು.

1948ರಲ್ಲಿ ಟ್ಯಾಂಕು ಜಳಕೋಟ ದಾಟಿತು, ಉಮರ್ಗಾ ದಾಟಿತು. ನಿಜಾಮರ ಪೊಲೀಸು, ತಹಸೀಲದಾರ, ಅಮೀನ ಎಲ್ಲರ ಅಧಿಕಾರ ಅಂದೇ ಹೋಯಿತು. ಹೊಸ ಅಧಿಕಾರ ಇನ್ನೂ ಬಂದಿರಲಿಲ್ಲ. ಮುಂದೆ ಓಡುವುದೇ ಸೇನೆಗೆ ಸಿಕ್ಕ ಹುಕುಮ್ ಆಗಿತ್ತು, ಪ್ರತಿ ಊರಿನಲ್ಲೂ ನಿಲ್ಲುವಷ್ಟು ಜನ ಅದರ ಬಳಿ ಇರಲಿಲ್ಲ. ಹಿಂದೆ ಉಳಿದ ಊರುಗಳಲ್ಲಿ ಇದ್ದದ್ದು ಹಳೆಯ ಗಾಯ.

ಆ ಗಾಯ ಸುಳ್ಳಲ್ಲ. ಲಾತೂರಿನ ವಕೀಲ ಖಾಸಿಂ ರಜ್ವಿ ಮುನ್ನಡೆಸಿದ ರಜಾಕಾರ ಪಡೆ ಹಳ್ಳಿಗಳನ್ನು ಸುಟ್ಟಿತ್ತು, ಜನರನ್ನು ಕೊಂದಿತ್ತು. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯೆಯ ನೆನಪು ಆ ಭಾಗದ ಮನೆಗಳಲ್ಲಿ ಇನ್ನೂ ಇದೆ. ಸಾವಿರಾರು ಜನ ಮನೆ ಬಿಟ್ಟು ಗಡಿಯಾಚೆಯ ಶಿಬಿರಗಳಿಗೆ ಓಡಿದ್ದರು. ಸಿಂದಗಿಯಲ್ಲಿ ಹುಟ್ಟಿ, ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಪಾಠ ಹೇಳಿದ ಸ್ವಾಮಿ ರಮಾನಂದ ತೀರ್ಥರು ನಿಜಾಮಶಾಹಿಯಿಂದ ಬಿಡುಗಡೆಗಾಗಿ ನಡೆದ ಚಳವಳಿಯ ಮುಂದಾಳು. ರಜಾಕಾರರನ್ನು ಎದುರಿಸಿದವರು ಒಂದೇ ಧರ್ಮದವರೂ ಅಲ್ಲ. ಒಕ್ಕೂಟದಲ್ಲಿ ಸೇರಬೇಕೆಂದು ಬರೆದದ್ದಕ್ಕೆ ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು.

ಕಾರ್ಯಾಚರಣೆ ಮುಗಿದ ಮೇಲೆ ಸೇಡಿನ ಸರದಿ ಬಂತು. ರಜಾಕಾರ ಯಾರು, ಬರೀ ಮುಸಲ್ಮಾನ ಯಾರು ಎಂದು ವಿಚಾರಿಸುವವರು ಇರಲಿಲ್ಲ. ಸುದ್ದಿ ದಿಲ್ಲಿಗೆ ಮುಟ್ಟಿ, ನೆಹರೂ ಅವರ ಕಾಲದ ಭಾರತ ಸರಕಾರ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳಿಸಿತು. ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಅವರು 16 ಜಿಲ್ಲೆಗಳ ಪೈಕಿ 9 ಜಿಲ್ಲೆ ಸುತ್ತಿದರು. ಇಡೀ ರಾಜ್ಯದಲ್ಲಿ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆಂದು ಅವರ ಅಂದಾಜು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಆಗಿನ ಈ ಜಿಲ್ಲೆಗಳ ನಕಾಶೆ ನೋಡಿದರೆ ಇವತ್ತು ಈ ಸಭೆಯಲ್ಲಿ ಕೂತಿರುವ ಹೆಚ್ಚಿನವರ ಊರುಗಳು ಅದರಲ್ಲೇ ಇವೆ. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ವರದಿ ಇನ್ನೆರಡು ಸಂಗತಿ ಹೇಳುತ್ತದೆ, ಎರಡನ್ನೂ ಒಟ್ಟಿಗೆ ಕೇಳಬೇಕು. ಸೇನೆಯ ಶಿಸ್ತು ಸಾಮಾನ್ಯವಾಗಿ ಚೆನ್ನಾಗಿತ್ತು, ಆದರೆ ಕೆಲವು ಕಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಪಾಲುಗೊಂಡರು, ಗುಂಪುಗಳನ್ನು ಹುರಿದುಂಬಿಸಿದರು ಎಂದು ಸಮಿತಿ ಬರೆಯಿತು. ಜೊತೆಗೇ, ಪ್ರಾಣ ಒತ್ತೆಯಿಟ್ಟು ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದೂಗಳು ಅನೇಕ ಕಡೆ ಇದ್ದರೆಂದೂ, ಕೆಲವು ಊರುಗಳ ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರ ನಿಂತು ತಾವೂ ಜೀವ ತೆತ್ತರೆಂದೂ ಅದು ದಾಖಲಿಸಿತು. ಒಂದೇ ಮಗ್ಗದ ಕಸುಬಿನವರು ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ. ಸರಕಾರ ಬರುವವರೆಗೆ ಊರನ್ನು ಕಾದದ್ದು ಇಂಥ ಕೆಲವರೇ.

ಚೌಧುರಿಯವರು ಮಿಲಿಟರಿ ಗವರ್ನರ್ ಆದರು, ನೆರೆ ಪ್ರಾಂತಗಳಿಂದ ಅಧಿಕಾರಿಗಳನ್ನು ಕರೆಸಿ ಜಿಲ್ಲೆಗಳಿಗೆ ನೇಮಿಸಿದರು. ಆದರೆ ಟ್ಯಾಂಕು ದಾಟಿದ ಗಳಿಗೆಗೂ ಹೊಸ ಅಧಿಕಾರಿ ಕುರ್ಚಿಯಲ್ಲಿ ಕೂತ ಗಳಿಗೆಗೂ ನಡುವೆ ಒಂದು ಬಿರುಕು ಇತ್ತು. ಯುದ್ಧ ಕೊಲ್ಲದೆ ಬಿಟ್ಟವರು ಆ ಬಿರುಕಿನಲ್ಲಿ ಸತ್ತರು.

ಈ ಬಿರುಕು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಶ್ರೀರಂಗಪಟ್ಟಣ 1799ರ ಮೇ 4ರಂದು ಬಿತ್ತು, ಟಿಪ್ಪು ಕಾದುತ್ತಲೇ ಸತ್ತ. ಆ ರಾತ್ರಿ ಗೆದ್ದ ಬ್ರಿಟಿಷ್ ಸೈನ್ಯ ಊರನ್ನು ದೋಚಿತು. ಮರುದಿನ ಊರಿನ ಹೊಣೆ ಹೊತ್ತ ಆರ್ಥರ್ ವೆಲ್ಲೆಸ್ಲಿ ಲೂಟಿ ಮಾಡಿದ ಕೆಲವು ಸೈನಿಕರನ್ನು ಗಲ್ಲಿಗೇರಿಸಿದ ಮೇಲೆಯೇ ಅಂಗಡಿಗಳ ಬಾಗಿಲು ತೆರೆದದ್ದು.

2003ರ ಏಪ್ರಿಲಿನಲ್ಲಿ ಅಮೆರಿಕನ್ ಟ್ಯಾಂಕುಗಳು ಹೆದ್ದಾರಿಯ ಮೇಲೆ ಎಡೆಬಿಡದೆ ಓಡಿ ಬಾಗ್ದಾದಿನ ನಡುಮಧ್ಯ ಸೇರಿದವು. ಜನ ಅದನ್ನು ಸಿಡಿಲಿನ ಓಟ ಎಂದು ಹೊಗಳಿದರು. ಏಪ್ರಿಲ್ 9ರಂದು ಸದ್ದಾಂ ಹುಸೇನನ ಪ್ರತಿಮೆ ಉರುಳಿತು. ಮರುದಿನವೇ ರಾಷ್ಟ್ರೀಯ ವಸ್ತು ಸಂಗ್ರಹಾಲಯಕ್ಕೆ ಕಳ್ಳರು ನುಗ್ಗಿ ಸುಮಾರು 15 ಸಾವಿರ ವಸ್ತುಗಳನ್ನು ಹೊತ್ತೊಯ್ದರು. ಆಸ್ಪತ್ರೆ, ಶಾಲೆ, ಕಚೇರಿಗಳು ಲೂಟಿಯಾದವು. ಪೆಟ್ರೋಲಿಯಂ ಸಚಿವಾಲಯಕ್ಕೆ ಕಾವಲಿತ್ತು, ಉಳಿದವಕ್ಕೆ ಇರಲಿಲ್ಲ. ಆಮೇಲಿನ ವರ್ಷಗಳ ರಕ್ತಪಾತಕ್ಕೆ ಬೀಜ ಬಿದ್ದದ್ದು ಆ ದಿನಗಳಲ್ಲೇ. ಉಮರ್ಗಾ ರಸ್ತೆಗೂ ಬಾಗ್ದಾದ್ ರಸ್ತೆಗೂ 55 ವರ್ಷದ ಅಂತರ. ಟ್ಯಾಂಕು ಬದಲಾಗಿತ್ತು, ಬಿರುಕು ಅದೇ.

5. ಕಾಯಿದೆ ಏನು ಹೇಳುತ್ತದೆ

ಪರರ ನೆಲ ಹಿಡಿದ ಸೇನೆ ಅಲ್ಲಿ ಶಾಂತಿ ಸುವ್ಯವಸ್ಥೆ ಕಾಪಾಡಬೇಕು ಎಂಬ ನಿಯಮ 1907ರ ಹೇಗ್ ನಿಯಮಾವಳಿಯ 43ನೇ ಕಲಮಿನಲ್ಲೇ ಇದೆ. ಯುದ್ಧಕಾಲದ ನಾಗರಿಕರ ರಕ್ಷಣೆಗೆಂದೇ ನಾಲ್ಕನೆಯ ಜಿನೀವಾ ಒಪ್ಪಂದ ಆದದ್ದು 1949ರ ಆಗಸ್ಟ್ 12ರಂದು, ನಮ್ಮ ಈ ಘಟನೆಗಳು ನಡೆದು ವರ್ಷ ತುಂಬುವ ಮೊದಲು. ಜನವಸತಿಯಲ್ಲಿ ಸ್ಫೋಟಕ ಅಸ್ತ್ರಗಳ ಬಳಕೆಗೆ ಕಡಿವಾಣ ಹಾಕುವ ಘೋಷಣೆಗೆ 2022ರ ನವೆಂಬರಿನಲ್ಲಿ ಡಬ್ಲಿನ್‌ನಲ್ಲಿ ಹಲವು ದೇಶಗಳು ಒಪ್ಪಿದವು. ನಿಯಮಗಳಿಗೆ ಬರ ಇಲ್ಲ. ಬರ ಇರುವುದು ನಿಯಮವನ್ನು ಹುಕುಮ್ ಮಾಡಿ ಒಬ್ಬ ಹವಾಲ್ದಾರನ ಕೈಗೆ ಕೊಡುವುದರಲ್ಲಿ.

ಅದು ಆಗದ ಕೆಲಸವೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಟಲಿ, ಜರ್ಮನಿಯ ನಗರಗಳನ್ನು ಹಿಡಿಯುವ ಮೊದಲೇ, 1942ರಲ್ಲೇ, ಅಮೆರಿಕ ಷಾರ್ಲಟ್ಸ್‌ವಿಲ್‌ನಲ್ಲಿ ಒಂದು ಶಾಲೆ ತೆರೆದು, ಹಿಡಿದ ಊರಿನಲ್ಲಿ ನೀರು, ಧಾನ್ಯ, ಪೊಲೀಸು, ನ್ಯಾಯಾಲಯ ನಡೆಸುವ ಅಧಿಕಾರಿಗಳಿಗೆ ತರಬೇತಿ ಕೊಟ್ಟಿತು. ಅದೇ ಅಮೆರಿಕ ಅರವತ್ತು ವರ್ಷಗಳ ನಂತರ ಬಾಗ್ದಾದಿನಲ್ಲಿ ಅದನ್ನು ಮರೆತದ್ದು ಬೇರೆ ಮಾತು. ಜಾಫ್ನಾ ಹಿಡಿದ ಮೇಲೆ ನಮ್ಮ ಸೇನೆ 1990ರ ಮಾರ್ಚ್‌ವರೆಗೆ ಶ್ರೀಲಂಕಾದಲ್ಲಿ ಉಳಿಯಿತು, ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ಪಟ್ಟಣ ಹಿಡಿಯಲು ಎರಡು ವಾರ, ಹಿಡಿದದ್ದನ್ನು ಏನು ಮಾಡಬೇಕೆಂದು ತಿಳಿಯಲು ಎರಡೂವರೆ ವರ್ಷವೂ ಸಾಲಲಿಲ್ಲ.

6. ಕೊನೆಯ ಮಾತು

ನಗರದ ಮೇಲೆ ಸೇನೆ ಕಳಿಸುವ ಯಾವ ಯೋಜನೆಯನ್ನಾದರೂ ಮೂರು ಪ್ರಶ್ನೆಗಳಿಂದ ಅಳೆಯಬೇಕು. ಸೇತುವೆ ಯಾರ ಕೈಯಲ್ಲಿದೆ? ಗೋಡೆಯಾಚೆ ಯಾರಿದ್ದಾರೆ, ಅವರಲ್ಲಿ ಎಷ್ಟು ಜನರ ಕೈಯಲ್ಲಿ ಬಂದೂಕಿದೆ? ಊರು ಕೈಗೆ ಬಂದ ರಾತ್ರಿ ಪೊಲೀಸ್ ಠಾಣೆಯಲ್ಲಿ ಯಾರು ಕೂರುತ್ತಾರೆ? ಮೊದಲ ಪ್ರಶ್ನೆಗೆ 1948ರಲ್ಲಿ ನಮ್ಮ ಸೇನೆ ಚೆನ್ನಾಗಿ ಉತ್ತರ ಕೊಟ್ಟಿತು. ಎರಡನೆಯದು ಹೆಚ್ಚಾಗಿ ಬರದಂತೆ ನೋಡಿಕೊಂಡಿತು. ಮೂರನೆಯದಕ್ಕೆ ತಡವಾಗಿ ಉತ್ತರಿಸಿತು. ಆ ತಡಕ್ಕೆ ಬೆಲೆ ಕೊಟ್ಟದ್ದು ನಮ್ಮದೇ ಊರುಗಳು, ಎರಡೂ ಧರ್ಮದ ಮನೆಗಳು, ಮೊದಲು ಒಂದು, ಆಮೇಲೆ ಇನ್ನೊಂದು.

ಸೆಪ್ಟೆಂಬರ್ 17ನ್ನು ಮಹಾರಾಷ್ಟ್ರದ ಈ ಭಾಗದಲ್ಲಿ ಮರಾಠವಾಡಾ ಮುಕ್ತಿ ದಿನವೆಂದೂ, ಗಡಿಯಾಚೆ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆಚರಿಸುತ್ತೇವೆ. ಆಚರಿಸಬೇಕು. ನಿಜಾಮಶಾಹಿಯಿಂದ ಬಿಡುಗಡೆ ದೊಡ್ಡ ಸಂಗತಿ, ಅದಕ್ಕಾಗಿ ಜೈಲು ಸೇರಿದವರನ್ನೂ ಜೀವ ಕೊಟ್ಟವರನ್ನೂ ಮರೆಯಲಾಗದು. ಆ ದಿನ ಧ್ವಜ ಏರಿಸಿ ಭಾಷಣ ಮಾಡುವವರು 18ನೇ ತಾರೀಖಿನ ಮಾತನ್ನೂ ಆಡಲಿ ಎಂಬುದು ನನ್ನ ವಿನಂತಿ. ವಿದ್ಯಾರ್ಥಿಗಳಿಗೂ ಒಂದು ಮಾತು. ನಾಳೆ ನಿಮ್ಮಲ್ಲಿ ಯಾರಾದರೂ ಸೇನೆಗೆ ಹೋಗಬಹುದು, ಪೊಲೀಸ್ ಆಗಬಹುದು, ಕಲೆಕ್ಟರ್ ಆಗಬಹುದು. ಊರನ್ನು ಹಿಡಿಯುವ ಹುಕುಮ್ ಬರೆಯುವ ಕಾಗದದಲ್ಲೇ, ಅದೇ ಪುಟದಲ್ಲಿ, ಆ ಊರಿನ ಮರುದಿನದ ಹೊಣೆ ಯಾರದ್ದು ಎಂದು ಹೆಸರು ಹಿಡಿದು ಬರೆಯಿರಿ. ಹೆಸರು ಬರೆಯಲು ಜನ ಸಿಗದಿದ್ದರೆ ಆ ಹುಕುಮ್‌ಗೆ ಸಹಿ ಹಾಕುವ ಕಾಲ ಇನ್ನೂ ಬಂದಿಲ್ಲ ಎಂದು ತಿಳಿಯಿರಿ.